ಕಾಗದ ಅಲುಗಿದ ದಿನ

ಕನ್ನಡಿಯ ಮುಂದೆ ನಿಂತು, ಸ್ವರ ಹೊರಡಿಸದೆ ‘ಅಪ್ಪ’ ಎಂದೂ ‘ಅಮ್ಮ’ ಎಂದೂ ಹೇಳಿ ನೋಡಿದರೆ, ಎರಡಕ್ಕೂ ತುಟಿಗಳು ಒಂದೇ ರೀತಿ ಕೂಡಿ ಬಿಡುವುದು ಕಾಣುತ್ತದೆ. (ನಮ್ಮ ಮನೆಯಲ್ಲಿ ತಾಯಿಯನ್ನು ಕರೆಯುವುದು ‘ಅಬ್ಬೆ’ ಎಂದು, ಅದರಿಂದಲೂ ಹೆಚ್ಚಿನ ಉಪಕಾರವಾಗಲಿಲ್ಲ.) ಹುಟ್ಟಿನಿಂದಲೇ ಕಿವುಡಾದ ನನಗೆ ಈ ಶಬ್ದಗಳನ್ನು ಬೇರ್ಪಡಿಸಿ ಕಲಿಸಲು ಒಂದು ಮಳೆಗಾಲವೇ ಹಿಡಿಯಿತು. ಮಾತು ಕಲಿಸುತ್ತಿದ್ದ ಟೀಚರು ನನ್ನ ಬಾಯಿಯೆದುರು ತೆಳುವಾದ ಕಾಗದದ ತುಂಡನ್ನು ಹಿಡಿಯುತ್ತಿದ್ದರು. ‘ಪ್ಪ’ ಎಂದಾಗ ಅದು ಅಲುಗಬೇಕು, ‘ಮ್ಮ’ ಎಂದಾಗ ಮೂಗಿನ ಮೇಲಿಟ್ಟ ಬೆರಳಿಗೆ ಕಂಪನ ತಿಳಿಯಬೇಕು. ಕಾಗದ ಅಲುಗಿದ ದಿನ ಮನೆಯಲ್ಲಿ ಪಾಯಸವಾಯಿತು. ಆದರೆ ಅಪ್ಪನನ್ನು ಕರೆದ ಬಳಿಕ ಅವರೊಡನೆ ಏನು ಮಾತನಾಡಬೇಕೆಂಬುದು ಆ ಪಾಠದಲ್ಲಿ ಇರಲಿಲ್ಲ. ಕೈಸನ್ನೆ ಮಾಡಿದರೆ ಮಾತು ಬಾರದೆಂಬ ನಂಬಿಕೆಯಿಂದ, ಪಾಠದ ಹೊತ್ತಿನಲ್ಲಿ ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲಬೇಕಿತ್ತು.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ನಮ್ಮ ಮನೆಯೊಳಗೆ ಹವ್ಯಕ ಕನ್ನಡ, ತೋಟದಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ, ಶಾಲೆಯಲ್ಲಿ ಪುಸ್ತಕದ ಕನ್ನಡ. ಇಷ್ಟು ಭಾಷೆಗಳ ನಡುವೆ ಬೆಳೆದರೂ ಓದು ಬರಹದ ಹೊರಗೆ ನನ್ನದೆನ್ನುವ ಒಂದು ಭಾಷೆ ಇರಲಿಲ್ಲ. ರಾತ್ರಿ ಎಲ್ಲರೂ ಜಗಲಿಯಲ್ಲಿ ಕುಳಿತು ಅಡಕೆ ಸುಲಿಯುವಾಗ ಕಥೆಗಳು ಒಬ್ಬರ ತುಟಿಯಿಂದ ಇನ್ನೊಬ್ಬರ ತುಟಿಗೆ ಹಾರುತ್ತಿದ್ದವು. ನಾನು ಮುಖ ತಿರುಗಿಸುವಷ್ಟರಲ್ಲಿ ನಗು ಮುಗಿದಿರುತ್ತಿತ್ತು. ಏನೆಂದು ಕೇಳಿದರೆ ‘ಮತ್ತೆ ಹೇಳ್ತೆ’ ಎಂಬ ಉತ್ತರ ಬರುತ್ತಿತ್ತು. ಆ ‘ಮತ್ತೆ’ ಬಂದದ್ದು ನೆನಪಿಲ್ಲ. ಬಯಲಾಟವಾದರೆ ವೇಷ, ಕುಣಿತ, ಎದೆಗೆ ತಟ್ಟುವ ಚೆಂಡೆ ಇರುತ್ತಿತ್ತು. ಅಪ್ಪ ಅರ್ಥ ಹೇಳುತ್ತಿದ್ದ ತಾಳಮದ್ದಳೆಯಲ್ಲಿ ಕುಳಿತವರ ತುಟಿಗಳಲ್ಲದೆ ನೋಡಲು ಬೇರೇನೂ ಇರಲಿಲ್ಲ.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಪರಿಚಯದವರೊಬ್ಬರು ನನ್ನನ್ನು ಮಂಗಳೂರಿನಲ್ಲಿ ಕಿವುಡರು ಸೇರುವ ಒಂದು ಕೋಣೆಗೆ ಕರೆದೊಯ್ದರು. ಬಾಗಿಲು ತಟ್ಟುವ ಬದಲು ಯಾರೋ ದೀಪವನ್ನು ಆರಿಸಿ ಹೊತ್ತಿಸಿದರು, ಮೂವತ್ತು ಮುಖಗಳು ಒಟ್ಟಿಗೆ ತಿರುಗಿದವು. ಎಲ್ಲರ ಕೈಗಳೂ ಎಲ್ಲರಿಗೂ ಕಾಣುವಂತೆ ಕುರ್ಚಿಗಳನ್ನು ವೃತ್ತವಾಗಿ ಇಟ್ಟಿದ್ದರು. ಗಲ್ಲದ ಮಚ್ಚೆಯನ್ನು ಬೆರಳಿನಿಂದ ಮುಟ್ಟಿ ತೋರಿಸುವ ಸನ್ನೆಯೇ ನನ್ನ ಹೆಸರೆಂದು ಅಂದು ಸಂಜೆಯೇ ತೀರ್ಮಾನವಾಯಿತು. ಕಿವುಡರ ಬೀಳ್ಕೊಡುಗೆ ಬೇಗ ಮುಗಿಯುವುದಿಲ್ಲವೆಂಬುದನ್ನೂ ಅಂದೇ ಕಲಿತು, ಕುಂಬಳೆಗೆ ಹೋಗುವ ರೈಲನ್ನು ತಪ್ಪಿಸಿಕೊಂಡೆ.

ಭಾರತೀಯ ಸನ್ನೆ ಭಾಷೆಯೆಂದರೆ ಕನ್ನಡವನ್ನೋ ಇಂಗ್ಲಿಷನ್ನೋ ಕೈಯಲ್ಲಿ ಬಿಡಿಸುವುದಲ್ಲ. ಅದರ ವ್ಯಾಕರಣವೇ ಬೇರೆ: ‘ಏನು’, ‘ಎಲ್ಲಿ’ ಎಂಬ ಪ್ರಶ್ನಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ, ಹೌದು ಅಥವಾ ಅಲ್ಲ ಎಂಬ ಉತ್ತರ ಬೇಡುವ ಪ್ರಶ್ನೆಯನ್ನು ಹುಬ್ಬೇರಿಸಿಯೇ ಕೇಳಬೇಕು, ಹುಬ್ಬು ಏರದಿದ್ದರೆ ಅದು ಬರಿಯ ಹೇಳಿಕೆ. ನನ್ನ ಕೈಗಳು ಬೆನ್ನ ಹಿಂದೆ ಹೋದದ್ದರ ಮೂಲವನ್ನೂ ಬಳಿಕ ಓದಿ ತಿಳಿದೆ. 1880ರಲ್ಲಿ ಮಿಲಾನ್ ನಗರದಲ್ಲಿ ಸೇರಿದ, ಬಹುತೇಕ ಕಿವಿ ಕೇಳುವವರೇ ತುಂಬಿದ್ದ ಶಿಕ್ಷಕರ ಸಮ್ಮೇಳನವು ಕಿವುಡು ಮಕ್ಕಳಿಗೆ ಬಾಯಿಮಾತಿನಿಂದಲೇ ಕಲಿಸಬೇಕೆಂದು ನಿರ್ಣಯಿಸಿತು. ಅದೇ ಸಮ್ಮೇಳನ ಅದಕ್ಕೆ ವಿಷಾದ ಸೂಚಿಸಿದ್ದು 2010ರಲ್ಲಿ, ವ್ಯಾಂಕೂವರಿನಲ್ಲಿ ಸೇರಿದಾಗ. ನಮ್ಮ ದೇಶದಲ್ಲಿ ಈ ಭಾಷೆಯ ಸಂಶೋಧನೆಗೂ ತರಬೇತಿಗೂ ಕೇಂದ್ರ ಸರಕಾರದ ಸಂಸ್ಥೆಯೊಂದು ದೆಹಲಿಯಲ್ಲಿ ಸ್ಥಾಪನೆಯಾದದ್ದು 2015ರಲ್ಲಿ. ಅದರ ನಿಘಂಟಿನಲ್ಲಿ 2021ರ ಹೊತ್ತಿಗೆ 10,000 ಪದಗಳಾದವು.

2017ರಲ್ಲಿ ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಗೊಳಿಸಿದ್ದರ ವಿರುದ್ಧ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದಾಗ ಅಪ್ಪನೂ ಹೋಗಿದ್ದರು. ಮಾತೃಭಾಷೆಯಲ್ಲಿ ಕಲಿಯುವುದು ಮಗುವಿನ ಹಕ್ಕೆಂದು ಅವರು ಎಷ್ಟೋ ವರ್ಷಗಳಿಂದ ಹೇಳುತ್ತ ಬಂದವರು, ಅದರಲ್ಲಿ ನನಗೂ ಭಿನ್ನಾಭಿಪ್ರಾಯವಿಲ್ಲ. ಆ ಸಂಜೆ ಮಾತ್ರ ಒಂದು ಚೀಟಿಯಲ್ಲಿ ಬರೆದು ಕೊಟ್ಟೆ: ‘ನನ್ನ ಭಾಷೆಯಲ್ಲಿ ನನಗೆ ಯಾರೂ ಕಲಿಸಲಿಲ್ಲವಲ್ಲ?’ ಅವರು ಓದಿ, ಮಡಚಿ, ಅಂಗಿಯ ಕಿಸೆಗೆ ಹಾಕಿಕೊಂಡರು.

ಅದುವರೆಗೆ ನನ್ನ ಗಮನ ಸೆಳೆಯಲು ಅಪ್ಪ ದೂರದಿಂದ ಅಡಕೆಯೊಂದನ್ನು ಎಸೆಯುತ್ತಿದ್ದರು. ಮೂರನೆಯ ರಾತ್ರಿ ನನ್ನ ಕೋಣೆಯ ದೀಪ ಎರಡು ಬಾರಿ ಆರಿ ಹೊತ್ತಿತು. ಸ್ವಿಚ್ಚಿನ ಬಳಿ ನಿಂತಿದ್ದ ಅಪ್ಪ, ನಾನು ವಿಡಿಯೋ ಕಾಲಿನಲ್ಲಿ ಮಾಡುವುದನ್ನು ನೋಡಿ ಕಲಿತಿದ್ದರೋ ಏನೋ, ‘ಊಟ ಆಯಿತೇ’ ಎಂದು ಕೈಯಲ್ಲಿ ಕೇಳಿದರು. ಹುಬ್ಬು ಏರಿಸಲು ಮರೆತಿದ್ದರಿಂದ ಅದು ‘ಊಟ ಆಯಿತು’ ಎಂದಾಯಿತು. ನಾನು ಎದ್ದು ಹೋಗಿ, ಅವರ ಹುಬ್ಬುಗಳನ್ನು ಹೆಬ್ಬೆರಳುಗಳಿಂದ ಮೇಲಕ್ಕೆತ್ತಿ ತೋರಿಸಿದೆ.