ನರೋದ್: ಅಂಗಡಿ ಮುಂದಿನ ಜನ, ದೇಶ ಕಟ್ಟುವ ಜನ

ರಷ್ಯನ್ನಿನಲ್ಲಿ ಅಂಗಡಿ ತುಂಬಿಹೋಗಿದ್ದರೆ ‘ಮ್ನೋಗೊ ನರೋದು’ ಅನ್ನುತ್ತಾರೆ. ನಾವು ‘ತುಂಬಾ ಜನ’ ಅಂದ ಹಾಗೇ. ‘ನರೋದ್’ ಅಂದರೆ ಜನ. ಇದು ಗೊತ್ತಾದಾಗ ನನಗೆ ತುಂಬಾ ಖುಷಿಯಾಯಿತು, ಯಾಕೆಂದರೆ ಅಲ್ಲಿಯವರೆಗೆ ಈ ಪದವನ್ನು ಚರಿತ್ರೆಯ ಪುಸ್ತಕಗಳಲ್ಲಿ ಮಾತ್ರ ನೋಡಿದ್ದೆ: 1870ರ ದಶಕದಲ್ಲಿ ರೈತರ ನಡುವೆ ಬದುಕಲು ಹಳ್ಳಿಗೆ ಹೊರಟ ‘ನರೋದ್ನಿಕ’ರೆಂಬ ಕ್ರಾಂತಿಕಾರಿ ಯುವಜನ, ಸ್ಟಾಲಿನ್ ಕಾಲದಲ್ಲಿ ಎಷ್ಟೋ ಜೀವ ತೆಗೆದ ‘ವ್ರಾಗ್ ನರೋದ’, ಅಂದರೆ ಜನರ ಶತ್ರು ಅನ್ನುವ ಹಣೆಪಟ್ಟಿ.

ಪದದ ಹೊಟ್ಟೆಯಲ್ಲಿರುವುದು ‘ರೊದ್’. ಹುಟ್ಟು, ಕುಲ ಅಂತ ಅರ್ಥ. ರಷ್ಯನ್ನಿನಲ್ಲಿ ಹೆತ್ತವರು ‘ರೊದೀತೆಲಿ’, ಪ್ರಕೃತಿ ‘ಪ್ರಿರೋದ’, ಎಲ್ಲ ಅದೇ ಬೇರಿನವು. ‘ರೋದಿನ’ ಅಂದರೆ ರಷ್ಯನ್ನರಿಗೆ ತಾಯ್ನಾಡು, ಜೆಕ್ಕರಿಗೆ ಸುಮ್ನೆ ಮನೆಮಂದಿ! ನಾವು ಸಂಸ್ಕೃತದಿಂದ ತಂದುಕೊಂಡ ‘ಜನ’ ಕೂಡ ಹುಟ್ಟು ಅನ್ನುವ ಧಾತುವಿನದ್ದೇ ಅಲ್ವಾ. ನೇಷನ್ ಪದದ ಲ್ಯಾಟಿನ್ ಮೂಲವೂ ಹುಟ್ಟೇ.

ಪೋಲಿಷ್, ಜೆಕ್ ಭಾಷೆಗಳಲ್ಲಿ ಇದೇ ಪದಕ್ಕೆ ರಾಷ್ಟ್ರ ಅನ್ನುವ ತೂಕ ಬಂತು. 19ನೇ ಶತಮಾನದಲ್ಲಿ ಇಬ್ಬರಿಗೂ ಸ್ವಂತ ರಾಜ್ಯ ಇರಲಿಲ್ಲ, ಪದವಾದರೂ ಇತ್ತು. ಪ್ರಾಗ್‌ನ ರಾಷ್ಟ್ರೀಯ ರಂಗಮಂದಿರ 1881ರಲ್ಲಿ ತೆರೆದ ವರ್ಷವೇ ಬೆಂಕಿಗೆ ಬಿತ್ತು. ಜನ ಮತ್ತೆ ಚಂದಾ ಕೊಟ್ಟರು, 1883ರಲ್ಲಿ ಅದು ಮತ್ತೆ ತೆರೆಯಿತು. ಅಲ್ಲಿ ವೇದಿಕೆಯ ಮೇಲೆ ‘ನಾರೊದ್ ಸೊಬ್ಯೆ’ ಅಂತ ಬರೆದಿದೆ. ನಾಡಜನ ತಮಗೇ ಕೊಟ್ಟುಕೊಂಡದ್ದು ಅಂತ. ಇದನ್ನು ಓದಿದಾಗಲೆಲ್ಲ ಮನಸ್ಸು ತುಂಬಿ ಬರುತ್ತದೆ.

ಆದರೆ ಇದೇ ಪದ ಹಲವು ಗಣರಾಜ್ಯಗಳ ಒಕ್ಕೂಟವಾಗಿದ್ದ ಯುಗೊಸ್ಲಾವಿಯದಲ್ಲಿ ಬೇಲಿಯೂ ಆಯಿತು. ಅಲ್ಲಿನ 1974ರ ಸಂವಿಧಾನದಲ್ಲಿ ಎರಡು ಬೇರೆ ಬೇರೆ ಪದಗಳಿದ್ದವು. ಸರ್ಬರು, ಕ್ರೊಯೇಷಿಯನ್ನರು, ಸ್ಲೊವೀನಿಯನ್ನರು, ಮ್ಯಾಸಿಡೋನಿಯನ್ನರು, ಮಾಂಟೆನೆಗ್ರೊದವರು, ಬೋಸ್ನಿಯದ ಮುಸ್ಲಿಮರು ‘ನಾರೊದ್’. ಅಲ್ಬೇನಿಯನ್ನರು, ಹಂಗೇರಿಯನ್ನರು ‘ನಾರೊದ್ನೊಸ್ತ್’, ಅಂದರೆ ಅವರ ಸ್ವಂತ ದೇಶ ಗಡಿಯಾಚೆ ಬೇರೆ ಇದೆ ಅನ್ನುವ ಲೆಕ್ಕ. ಬಾಲಕ್ಕೆ ಅಂಟಿದ ಒಂದು ಪ್ರತ್ಯಯ ಅಷ್ಟೇ. ಆದರೆ ನಾರೊದ್ ಆದವರಿಗೆ ಮಾತ್ರ ಗಣರಾಜ್ಯದ ಹಕ್ಕು ಅನ್ನುವುದು ಅಲ್ಲಿನ ವಾದ. ಸುಮಾರು 5 ಲಕ್ಷವಿದ್ದ ಮಾಂಟೆನೆಗ್ರೊದವರಿಗೆ ಗಣರಾಜ್ಯವಿತ್ತು, 10 ಲಕ್ಷಕ್ಕೂ ಜಾಸ್ತಿ ಇದ್ದ ಅಲ್ಬೇನಿಯನ್ನರಿಗೆ ಸರ್ಬಿಯದೊಳಗೆ ಕೊಸೊವೊ ಅನ್ನುವ ಸ್ವಾಯತ್ತ ಪ್ರಾಂತ್ಯ. ಯಾರು ಜನ, ಯಾರು ಅರೆ ಜನ ಅಂತ ವ್ಯಾಕರಣ ತೀರ್ಮಾನಿಸುವುದು ನನಗೆ ಒಪ್ಪಿಗೆಯಾಗುವುದೇ ಇಲ್ಲ. ಅಲ್ಬೇನಿಯನ್ನರಿಗೂ ಆಗಲಿಲ್ಲ. 1981ರಲ್ಲಿ ಕೊಸೊವೊದ ರಾಜಧಾನಿ ಪ್ರಿಷ್ಟಿನಾದ ವಿದ್ಯಾರ್ಥಿಗಳು ಬೀದಿಗಿಳಿದರು, ಮೊದಲು ಕ್ಯಾಂಟೀನಿನ ಊಟ ಸರಿಯಿಲ್ಲ ಅಂತ, ಆಮೇಲೆ ಕೊಸೊವೊ ಗಣರಾಜ್ಯವಾಗಲಿ ಅಂತ.