ಕಣ್ಣೊಂದು ಬಿಟ್ಟು ಹೊಡೀರಿ ಅಂದ ಅಪ್ಪ

"ಕಣ್ಣೊಂದ್ ಬಿಟ್ಟು ಎಲ್ಲಾ ಕಡಿ ಹೊಡೀರಿ ಟೀಚರ್, ನಾವೇನೂ ಕೇಳಂಗಿಲ್ರಿ."

ಚಿತ್ತಾಪುರದ ಹತ್ತಿರದ ನಮ್ಮೂರ ಶಾಲೆಯಲ್ಲಿ ಮೊನ್ನೆ ಒಬ್ಬರು ಹೇಳಿದ ಮಾತಿದು. ನಮ್ಮ ಕಡೆ ಇದು ಹೊಸದಲ್ಲ. ಆದರೆ ಮಗ ಪಕ್ಕದಲ್ಲೇ ನಿಂತು ಕೇಳುತ್ತಿದ್ದ. ಅದು ತಲೆಯಿಂದ ಹೋಗ್ತಾನೇ ಇಲ್ಲ.

ಹುಡುಗ ಎರಡನೇ ತರಗತಿಗೆ ಬಂದರೂ ಅ ಆ ಇ ಈ ಸಾಲಾಗಿ ಹೇಳುವುದಿಲ್ಲ, ಪಕ್ಕದ ಮನೆಯ ಕಾನ್ವೆಂಟ್ ಹುಡುಗ ಪಟಪಟ ಒಪ್ಪಿಸುತ್ತಾನೆ, ಇಲ್ಲಿ ನೋಡಿದರೆ ಬರೀ ಗದ್ದಲ ಅನ್ನುವುದು ಅವರ ದೂರು. ಆದರೆ ನಮ್ಮ ಶಾಲೆಯಲ್ಲಿರುವುದು ನಲಿ-ಕಲಿ, ಅಂದರೆ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಗುಂಪುಗಳಲ್ಲಿ ಕೂತು ಕಾರ್ಡು ಹಿಡಿದು ಕಲಿಯುವ ಪದ್ಧತಿ. ಅದರಲ್ಲಿ ಅಕ್ಷರ ಶುರುವಾಗುವುದೇ ರ ಗ ಸ ದ ಅ ಎಂದು. ಆ ಐದು ಬಂದರೆ ಸಾಕು, ಮಗು ಸರ, ಅರಸ, ಗರಗಸ ಎಲ್ಲ ಓದುತ್ತದೆ. ಇದನ್ನು ಅವರಿಗೆ ಯಾರೂ ಹೇಳಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಹೊಡೆಯುವಂತಿಲ್ಲ ಎಂದು ಹೇಳಿ ಟೀಚರ್ ಮಾತು ಮುಗಿಸಬಹುದಿತ್ತು. ಅವರು ಹುಡುಗನ ಕೈಗೆ ಒಂದು ಕಾರ್ಡು ಕೊಟ್ಟರು. ಅಪ್ಪನ ಮುಖ ನೋಡಿ ಅವನ ಬಾಯಿ ಕಟ್ಟಿತು. "ಹೋಗು, ನಿನ್ ತಟ್ಟೆದಾಗ ಕೂಡು" ಎಂದು ಅವನ ಗುಂಪಿಗೆ ಕಳಿಸಿದರು; ನಲಿ-ಕಲಿಯಲ್ಲಿ ಗುಂಪಿಗೆ ತಟ್ಟೆ ಅನ್ನುತ್ತಾರೆ. ಅಲ್ಲಿ ಮೂರನೇ ತರಗತಿಯ ಹುಡುಗಿಯ ಪಕ್ಕ ಕೂತು ಅದೇ ಕಾರ್ಡನ್ನು ಬೆರಳಿಟ್ಟು ಓದಿದ, ಒಂದು ಕಡೆ ತಪ್ಪಿದ, ಅವಳು ತಿದ್ದಿದಳು, ಮತ್ತೆ ಓದಿದ. ಆಮೇಲೆ ತಾನೇ ಎದ್ದು ಕಾರ್ಡನ್ನು ಟ್ರೇಯಲ್ಲಿಟ್ಟು, ಯಾವುದರ ನಂತರ ಯಾವ ಕಾರ್ಡು ಎಂದು ತೋರಿಸುವ ಗೋಡೆಯ ಕಲಿಕಾ ಏಣಿ ನೋಡಿ ಮುಂದಿನದು ತಂದ.

"ಓದ್ಲಾಕ ಬರ್ತದ್ರಿ ಅವನಿಗಿ. ನಿಮ್ಮನ್ನ ನೋಡಿ ಅಂಜ್ಯಾನ."

ಅಪ್ಪ ಏನೂ ಅನ್ನಲಿಲ್ಲ. ಅವರು ಕೆಟ್ಟವರಲ್ಲ. ತೊಗರಿ ಹೊಲದ ಕೆಲಸ ಬಿಟ್ಟು ಬಂದಿದ್ದರು, ಮಗನ ಓದಿನ ಚಿಂತೆ ಇಲ್ಲದಿದ್ದರೆ ಬರುತ್ತಿದ್ದರಾ? ಆದರೆ ಯಾರೂ ಹೇಳದೆ ಕಾರ್ಡು ತಂದು, ಓದಿ, ವಾಪಸ್ ಇಡುವುದಕ್ಕಿಂತ ದೊಡ್ಡ ಶಿಸ್ತು ಆರೇಳು ವರ್ಷದ ಮಗುವಿಗೆ ಯಾವುದಿದೆ ಹೇಳಿ. ಟೀಚರ್ ಬಗ್ಗೆ ನನಗೆ ತುಂಬಾ ಗೌರವ. ಮೂರು ತರಗತಿ ಒಂದೇ ಕೋಣೆ, ಇರುವುದು ಅವರೊಬ್ಬರೇ. ಅವರು ರಜೆ ಹಾಕಿದ ದಿನ ಅದು ನಿಜಕ್ಕೂ ಬರೀ ಗದ್ದಲ.

ನನಗೆ ಜಾಸ್ತಿ ಚಿಂತೆ ನಾಲ್ಕನೇ ತರಗತಿಯದು. ನಲಿ-ಕಲಿ ಮೂರಕ್ಕೇ ಮುಗಿಯುತ್ತದೆ. ಅಲ್ಲಿವರೆಗೆ ಗುಂಪಿನಲ್ಲಿ ಮಾತಾಡುತ್ತಾ ಓದಿದ ಮಕ್ಕಳು ಒಮ್ಮೆಲೇ ಸಾಲಾಗಿ ಕೂತು ಬಾಯಿ ಮುಚ್ಚಬೇಕು. ಮನೆಯಲ್ಲಿ ಜೋರಾಗಿ ಓದುತ್ತಿದ್ದ ನನ್ನ ಮಗಳು ಈ ವರ್ಷ ನಾಲ್ಕಕ್ಕೆ ಹೋದಳು. ಈಗ ಬರೀ ತುಟಿ ಅಲ್ಲಾಡಿಸುತ್ತಾಳೆ. ಯಾಕೆ ಅಂದರೆ, "ಸರ್ ಬೈತಾರ."

1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಇದು. ಇಷ್ಟು ವರ್ಷವಾದರೂ ನಮ್ಮೂರ ಪಾಲಕರು ಅದನ್ನು ಬಾಗಿಲಲ್ಲಿ ನಿಂತೇ ನೋಡುತ್ತಾರೆ. ಪಾಲಕರೇ ಇರುವ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲೂ ಕಾಂಪೌಂಡು, ಬಿಸಿಯೂಟದ ಮಾತೇ ಜಾಸ್ತಿ. ಮುಂದಿನ ಸಭೆಯನ್ನು ಆ ಕೋಣೆಯಲ್ಲೇ, ಮಕ್ಕಳು ಓದುವ ಹೊತ್ತಿಗೇ ಮಾಡಿ ಎಂದು ಕೇಳುತ್ತೇನೆ. ನಾಲ್ಕನೇ ತರಗತಿಯ ಸರ್ ಕೂಡ ಬಂದು ಕೂರಲಿ.