ಹೂಳು ಹೊರುವ ಬಾರ್ಜಿನಲ್ಲಿ ಬಂದವರು

ನಾನು ಗೋವಾದ ವಾಸ್ಕೋದಲ್ಲಿ ಬೋರ್ಡಿಂಗ್ ಕ್ಲಾರ್ಕ್. ಹಡಗು ಆಂಕರೇಜಿಗೆ, ಅಂದರೆ ಲಂಗರು ಹಾಕುವ ಜಾಗಕ್ಕೆ, ಬಂತು ಅಂದರೆ ರಾತ್ರಿ ಎರಡಾಗಲಿ ಮೂರಾಗಲಿ, ಲಾಂಚ್ ಹತ್ತಿ ಹೋಗಿ ಕಾಗದಪತ್ರಕ್ಕೆ ಕ್ಯಾಪ್ಟನ್ ಸಹಿ ತರಬೇಕು. ಹಡಗಿನ ಪಕ್ಕಕ್ಕೆ ಹಗ್ಗದ ಏಣಿ ಇಳಿಬಿಟ್ಟಿರುತ್ತಾರೆ. ಲಾಂಚ್ ಅಲೆಯ ನೆತ್ತಿಗೆ ಬಂದ ಕ್ಷಣವೇ ಏಣಿ ಹಿಡಿದು ಮೇಲೇರಬೇಕು. ತಡಮಾಡಿದರೆ ಮುಂದಿನ ಅಲೆಗೆ ಲಾಂಚ್ ಎದ್ದು ಬಂದು ಕಾಲು ಜಜ್ಜುತ್ತದೆ. ಇಷ್ಟು ಕಲಿಯಲು ನನಗೆ ಒಂದು ವರ್ಷ, ಒಂದು ಜೊತೆ ಬೂಟು ಖರ್ಚಾಯಿತು. ಅದೂ ಮೇಲಿನಿಂದ ಟಾರ್ಚ್ ಬಿಟ್ಟು ದಾರಿ ತೋರಿಸುವವರು ಇದ್ದಾಗ.

ಹಾಗಾಗಿ ಇದೇ ಮರ್ಮಗೋವಾ ಬಂದರಿನಲ್ಲಿ 1943ರ ಮಾರ್ಚ್ 9ರ ರಾತ್ರಿ ನಡೆದದ್ದನ್ನು ಓದಿದಾಗ ನನ್ನ ಕಣ್ಣು ಮೊದಲು ಕಚ್ಚಿಕೊಂಡದ್ದು ಏಣಿಗಳನ್ನೇ. ಬಿದಿರಿನ ಏಣಿ, ಕತ್ತಲೆ, ಮೇಲೆ ಶತ್ರು.

ಆಗ ಗೋವಾ ಪೋರ್ಚುಗೀಸರದು, ಪೋರ್ಚುಗಲ್ ಎರಡನೇ ಮಹಾಯುದ್ಧದಲ್ಲಿ ತಟಸ್ಥ. ಎಹ್ರೆನ್‌ಫೆಲ್ಸ್, ಡ್ರಾಖೆನ್‌ಫೆಲ್ಸ್, ಬ್ರೌನ್‌ಫೆಲ್ಸ್ ಎಂಬ ಮೂರು ಜರ್ಮನ್ ಹಡಗುಗಳೂ ಇಟಲಿಯದೊಂದೂ ಇಲ್ಲಿ ಆಶ್ರಯ ಪಡೆದು ಲಂಗರು ಹಾಕಿ ಕೂತಿದ್ದವು. ಎಹ್ರೆನ್‌ಫೆಲ್ಸ್‌ನ ಗುಟ್ಟಿನ ವೈರ್‌ಲೆಸ್‌ನಿಂದ ಜಲಾಂತರ್ಗಾಮಿಗಳಿಗೆ ಸುದ್ದಿ ಹೋಗುತ್ತಿದೆ ಅಂತ ಬ್ರಿಟನ್ನಿನ ಗುಪ್ತ ಸಂಸ್ಥೆ ಎಸ್‌ಓಇಗೆ ಅನುಮಾನ. ಸೈನ್ಯ ಕಳಿಸಿದರೆ ತಟಸ್ಥ ದೇಶದ ಮೇಲೆ ಏರಿಹೋದಂತೆ. ಅದಕ್ಕೇ ಲೂಯಿಸ್ ಪ್ಯೂ ಎಂಬ ಅಧಿಕಾರಿ ಕಲ್ಕತ್ತಾ ಲೈಟ್ ಹಾರ್ಸ್ ಅನ್ನುವ ಹವ್ಯಾಸಿ ಕುದುರೆ ಪಡೆಯವರನ್ನು ಹಿಡಿದರು. ಆಫೀಸು, ವ್ಯಾಪಾರ ಅಂತಿದ್ದ ನಡುವಯಸ್ಸಿನ ಗೃಹಸ್ಥರು! ಕಲ್ಕತ್ತಾ ಸ್ಕಾಟಿಷ್ ಎಂಬ ಇನ್ನೊಂದು ಹವ್ಯಾಸಿ ಪಡೆಯವರು ನಾಲ್ವರು ಸೇರಿ ಸುಮಾರು 18 ಜನ. ಸಿಕ್ಕಿಬಿದ್ದರೆ ಸರ್ಕಾರ ಕೈ ತೊಳೆದುಕೊಳ್ಳಬಹುದು.

ಅವರಿಗೆ ಸಿಕ್ಕ ವಾಹನ ಫೀಬಿ ಎಂಬ ಹಾಪರ್ ಬಾರ್ಜ್. ಹೂಳು ತುಂಬಿಸಿಕೊಂಡು ಹೋಗಿ, ತಳದ ಬಾಗಿಲು ತೆರೆದು ಸುರಿದು ಬರುವಂಥದ್ದು. ಬಾದಾಮಿ ಕಡೆಯಿಂದ ಬಂದು ಜುವಾರಿ ನದಿಯ ಅದಿರು ಬಾರ್ಜುಗಳಲ್ಲಿ ಖಲಾಸಿಯಾಗಿ ಜೀವ ಸವೆಸಿದ ನಮ್ಮ ಕಾಕಾಗೆ ಇದನ್ನು ಹೇಳಿದೆ.

"ಹೂಳಿನ ಬಾರ್ಜು ಕಲ್ಕತ್ತಾದಿಂದ ಸಮುದ್ರ ಸುತ್ತಿ ಬಂತ? ಹುಚ್ಚಪ್ಯಾಲಿ ಮಂದಿ!" ಅಂದವರು ಎಲೆಗೆ ಸುಣ್ಣ ಸವರುತ್ತ ಸುಮ್ಮನಾದರು. ಆಮೇಲೆ, "ಆದ್ರ ಖರೇ ಶ್ಯಾಣ್ಯಾರು. ಬಂದರದಾಗ ಹೂಳಿನ ಬಾರ್ಜು ಬಂದ್ರ ಯಾವನ್ ತಿರುಗಿ ನೋಡ್ತಾನ?"

ಅಂದಿನ ರಾತ್ರಿಯ ಆಯ್ಕೆಯೂ ಹಾಗೇ. ಕಾರ್ನಿವಲ್‌ನ ಕೊನೆಯ ರಾತ್ರಿ, ಮರುದಿನದಿಂದ ಕ್ರೈಸ್ತರ ಉಪವಾಸ ಶುರು. ಆ ರಾತ್ರಿ ಹಡಗಿನಲ್ಲಿ ಕೂರುವ ನಾವಿಕ ಯಾರು? ಸಾಲದ್ದಕ್ಕೆ ಅವರಿಗೆಂದೇ ದಡದಲ್ಲಿ ಬಿಟ್ಟಿ ಮೋಜಿನ ಏರ್ಪಾಟು ಮಾಡಿಸಿದ್ದರು. ದೀಪಸ್ತಂಭವೂ ಆರಿತ್ತು. ನನ್ನ ಕೇಳಿದರೆ ಅರ್ಧ ದಾಳಿ ಅಲ್ಲಿಗೇ ಮುಗಿದಿತ್ತು.

ಅಮೆರಿಕದ ನೌಕಾಪಡೆಯಲ್ಲಿದ್ದ ವಿಲಿಯಂ ಮೆಕ್‌ರೇವನ್ ಇಂಥ ದಾಳಿಗಳನ್ನು ಕೂತು ಅಭ್ಯಾಸ ಮಾಡಿದವರು. ಸಣ್ಣ ತಂಡದ ಕೈ ಮೇಲಾಗುವುದು ಮೊದಲ ಕೆಲವು ನಿಮಿಷಗಳಲ್ಲೇ, ಆಮೇಲೆ ಒಂದೊಂದು ನಿಮಿಷವೂ ಎದುರಾಳಿಯದು ಅನ್ನುತ್ತಾರೆ. ಸರಳ ಯೋಜನೆ, ಗುಟ್ಟು, ಮತ್ತೆ ಮತ್ತೆ ತಾಲೀಮು ಅವರ ಸೂತ್ರ. 2011ರಲ್ಲಿ ಪಾಕಿಸ್ತಾನದ ಅಬೋಟಾಬಾದಿನಲ್ಲಿ ಒಸಾಮಾ ಬಿನ್ ಲಾಡೆನ್ ಅಡಗಿದ್ದ ಮನೆಯ ಮೇಲೆ ನಡೆದ ದಾಳಿಯ ಉಸ್ತುವಾರಿಯೂ ಅವರದೇ. ತಾಲೀಮಿಗೆ ಕಟ್ಟಿದ ಮಾದರಿ ಮನೆಯ ಸುತ್ತ ತಂತಿ ಬೇಲಿ ಹಾಕಿದ್ದರು, ಗಾಳಿ ತೂರಿ ಹೋಗುತ್ತಿತ್ತು. ನಿಜವಾದ ಮನೆಗಿದ್ದದ್ದು ಗಟ್ಟಿ ಗೋಡೆ. ರೆಕ್ಕೆಯ ಗಾಳಿ ಅಲ್ಲೇ ಸುತ್ತಿ ಒಂದು ಹೆಲಿಕಾಪ್ಟರ್ ಕುಸಿಯಿತು. ಅಷ್ಟು ತಾಲೀಮು ಮಾಡಿಯೂ ಬೇಲಿಗೂ ಗೋಡೆಗೂ ಇರುವ ವ್ಯತ್ಯಾಸ ತಪ್ಪಿಹೋಯಿತು ನೋಡಿ.

ಮರ್ಮಗೋವಾದಲ್ಲಿ ಲೆಕ್ಕ ತಪ್ಪಿದ್ದು ಬೇರೆ ರೀತಿ. ಏಣಿ ಹತ್ತಿದವರು ಎಹ್ರೆನ್‌ಫೆಲ್ಸ್ ಹಿಡಿದರು, ಕ್ಯಾಪ್ಟನ್ ಸೇರಿ ಕೆಲವರು ಸತ್ತರು. ಅಷ್ಟರಲ್ಲಿ ಜರ್ಮನರೇ ನೀರು ನುಗ್ಗಿಸಿ ಹಡಗು ಮುಳುಗಿಸಿದರು. ಅದನ್ನು ಕಂಡ ಉಳಿದ ಮೂರು ಹಡಗಿನವರೂ ಗಾಬರಿಬಿದ್ದು ತಮ್ಮ ಹಡಗಿಗೆ ತಾವೇ ಬೆಂಕಿ ಹಚ್ಚಿದರು. ದಾಳಿಗೆ ಬಂದ ಒಬ್ಬರೂ ಸಾಯಲಿಲ್ಲ. ಫೀಬಿ ಬಂದಂತೆಯೇ ಹೊರಟುಹೋಯಿತು.

"ಓಟಿ ಕೊಟ್ರೇನು ಅವ್ರಿಗೆ?" ಅಂದರು ಕಾಕಾ. ಓಟಿ ಅಂದರೆ ಓವರ್‌ಟೈಮ್ ದುಡ್ಡು.

"ಓಟಿ ಎಲ್ಲಿಂದ ಬಂತು ಕಾಕಾ, ಒಂದು ಪದಕಾನೂ ಇಲ್ಲ. 1978ರ ತನಕ ಹೊರಗ ಸುದ್ದೀನ ಬರಲಿಲ್ಲ."

ಕಾಕಾ ಎಲೆ ಮಡಚಿ ಬಾಯಿಗಿಟ್ಟರು. "ಬಾರ್ಜಿನ ಕೆಲಸ ಅಂದ್ರ ಹಂಗ ಬಿಡು."